ನೀರಿನ ಹಂಚಿಕೆಯೂ ಅಧಿಕಾರದ ಹಂಚಿಕೆಯೂ

ಹಾಸನ ಜಿಲ್ಲೆಯಲ್ಲಿ ರಸ್ತೆ ಕಾಲುವೆಗಳ ವಿದ್ಯೆಯನ್ನು ಕಲಿತವರು ಶಾಸನಸಭೆಗೆ ಹೋಗುವುದು ಅಚ್ಚರಿಯ ಸಂಗತಿಯಲ್ಲ. ಹೊಳೆನರಸೀಪುರ ತಾಲ್ಲೂಕು ಹರದನಹಳ್ಳಿಯ ಶ್ರೀ ಎಚ್. ಡಿ. ದೇವೇಗೌಡರು ಹಾಸನದ ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಕಲಿತು, ಸಹಕಾರ ಸಂಘ, ತಾಲ್ಲೂಕು ಬೋರ್ಡುಗಳ ಮೂಲಕ ಸಾರ್ವಜನಿಕ ಜೀವನವನ್ನು ಪ್ರವೇಶಿಸಿ, 1962ರ ಚುನಾವಣೆಯಲ್ಲಿ ಯಾವ ಪಕ್ಷದ ಆಸರೆಯೂ ಇಲ್ಲದೆ ಗೆದ್ದು ಶಾಸಕರಾದುದನ್ನೂ, 1996ರಲ್ಲಿ ದೇಶದ ಪ್ರಧಾನಮಂತ್ರಿಗಳಾದುದನ್ನೂ ವಾಚಕರು ಬಲ್ಲರು. ಅದೇ 1962ನೆಯ ಇಸವಿಯ ಏಪ್ರಿಲ್ 14ರಂದು, ನೂರು ವರ್ಷಗಳನ್ನು ದಾಟಿದ್ದ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ದೇಹವನ್ನು ಬಿಟ್ಟರು. ಅಳತೆಯ ಸರಪಣಿಯನ್ನು ಹಿಡಿದ ಕೈಯಿಂದಲೇ ರಾಜ್ಯದ ಕಡತವನ್ನೂ ಹಿಡಿಯಬಹುದೆಂಬುದನ್ನು ಈ ನಾಡಿಗೆ ತೋರಿಸಿಕೊಟ್ಟವರು ಅವರೇ ಆದುದರಿಂದ, ಅವರ ಚರಿತ್ರೆಯನ್ನು ಆ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವೆಂದು ಭಾವಿಸುತ್ತೇವೆ. ಸರ್ಕಾರದ ದೀಪ, ಸ್ವಂತದ ದೀಪಗಳ ಕಥೆಯನ್ನು ಇಲ್ಲಿ ಹೇಳಹೊರಟಿಲ್ಲ; ಅದನ್ನು ಶಾಲೆಯ ಮಕ್ಕಳೆಲ್ಲರೂ ಬಲ್ಲರು.

ಅವರು ಹುಟ್ಟಿದುದು 1861ನೆಯ ಸೆಪ್ಟೆಂಬರ್ 15ರಂದು, ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮನೆಯಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನು ಬೆಂಗಳೂರಿನಲ್ಲಿ ಬೇರೆಯವರ ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಓದನ್ನು ಸಾಗಿಸಿಕೊಂಡು, 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಪದವೀಧರನಾದನು. ಮೈಸೂರು ಸರ್ಕಾರವು ಕೊಟ್ಟ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲನೆಯ ಸ್ಥಾನವನ್ನು ಗಳಿಸಿ, ಮರುವರ್ಷ ಮುಂಬಯಿ ಸರ್ಕಾರದ ಮರಾಮತ್ತು ಇಲಾಖೆಯನ್ನು ಸೇರಿದುದಾಯಿತು. ಬಡ ಹುಡುಗನೊಬ್ಬನಿಗೆ ಸರ್ಕಾರದ ಹಣವು ಸಕಾಲದಲ್ಲಿ ಒದಗಿದುದರಿಂದ ನಾಡಿಗೆ ಆದ ಲಾಭವೆಷ್ಟೆಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಈ ಮಾತು ಮುಂದೆ ಮತ್ತೊಮ್ಮೆ ಬರುತ್ತದೆ.

ಮುಂಬಯಿ ಸೇವೆಯ ಕಾಲು ಶತಮಾನವನ್ನು ಕುರಿತು ಬರೆದವರು ಸಾಮಾನ್ಯವಾಗಿ ಸಿಂಧ್ ಪ್ರಾಂತದ ಸಕ್ಕರಿನ ನೀರು ಸರಬರಾಯಿಯನ್ನೂ, ಖಡಕ್‌ವಾಸಲೆಯ ಕಟ್ಟೆಗೆ 1903ರಲ್ಲಿ ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳನ್ನೂ ಕೊಂಡಾಡುತ್ತಾರೆ. ಪ್ರವಾಹದ ನೀರು ಏರಿದಾಗ ತಾವಾಗಿ ತೆರೆದು, ಇಳಿದಾಗ ತಾವಾಗಿ ಮುಚ್ಚಿಕೊಳ್ಳುವ ಆ ಬಾಗಿಲುಗಳು ಅವರ ಸ್ವಂತ ಕಲ್ಪನೆಯವು. ಆದರೆ ಅವರಲ್ಲಿದ್ದ ರಾಜಕಾರಣಿಯು ಮೊದಲು ಕಾಣಿಸಿಕೊಂಡುದು ಕಬ್ಬಿಣದ ಬಾಗಿಲುಗಳಲ್ಲಲ್ಲ, 1899ರಲ್ಲಿ ದಖ್ಖನದ ಕಾಲುವೆಗಳಿಗೆ ಅವರು ಸೂಚಿಸಿದ ಬ್ಲಾಕ್ ಪದ್ಧತಿಯಲ್ಲಿ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ಕಾಲುವೆಯ ತಲೆಯಲ್ಲಿದ್ದ ಕೆಲವೇ ಹಳ್ಳಿಗಳವರು ವರ್ಷವೆಲ್ಲ ಕಬ್ಬಿಗೆ ನೀರನ್ನು ಹಾಯಿಸಿಕೊಳ್ಳುತ್ತಿದ್ದರು. ಅವರ ನೆಲವು ಜವುಗಾಗುತ್ತಿತ್ತು. ಕೆಳಗಿನ ಹಳ್ಳಿಗಳ ನೆಲವು ಬಾಯಾರುತ್ತಿತ್ತು. ವಿಶ್ವೇಶ್ವರಯ್ಯನವರು ಭೂಮಿಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಒಂದೊಂದರಲ್ಲಿಯೂ ಒಂದು ಪಾಲಿಗೆ ಮಾತ್ರ ಕಬ್ಬು, ಉಳಿದ ಪಾಲುಗಳಿಗೆ ಕಡಿಮೆ ನೀರಿನ ಬೆಳೆ, ಮತ್ತು ವರ್ಷದಿಂದ ವರ್ಷಕ್ಕೆ ಸರದಿ ಎಂದು ಏರ್ಪಡಿಸಿ, ಅದೇ ನೀರು ಹೆಚ್ಚು ಹಳ್ಳಿಗಳಿಗೆ ಮುಟ್ಟುವಂತೆ ಯೋಜಿಸಿದರು. ಮೊದಲಿನಿಂದ ಅನುಭವಿಸುತ್ತಿದ್ದವರು ತಮ್ಮ ಹಕ್ಕು ಹೋಯಿತೆಂದು ಕೂಗಿದರು. ಎಂಜಿನಿಯರರು ಅವರೊಡನೆ ಕುಳಿತು, ಕಾರಣಗಳನ್ನು ಹೇಳಿ ಒಪ್ಪಿಸಿದರು. ಇರುವ ನೀರು ಒಂದೇ, ಬೇಕಾದವರು ಹಲವರು. ಮುಂದೆ ಬಂದವನಿಗೆ ತುಂಬ, ಹಿಂದೆ ಉಳಿದವನಿಗೆ ಶೂನ್ಯ ಎಂಬ ಏರ್ಪಾಡು ನ್ಯಾಯವಲ್ಲವೆಂಬ ತತ್ತ್ವವನ್ನು ಅವರು ಅಂದು ಕಾಲುವೆಯ ಮೇಲೆ ಬರೆದರು.

ಇಲಾಖೆಯ ಅತ್ಯುನ್ನತ ಸ್ಥಾನವು ತಮಗೆ ದೊರೆಯುವ ಸಂಭವವಿಲ್ಲವೆಂದು ಕಂಡು 1908ರಲ್ಲಿ ಮುಂಬಯಿ ಸೇವೆಯನ್ನು ಬಿಟ್ಟರು. ಆ ವರ್ಷದ ಮೂಸಿ ನದಿಯ ಮಹಾಪ್ರವಾಹದಿಂದ ನೊಂದಿದ್ದ ಹೈದರಾಬಾದಿಗೆ ರಕ್ಷಣೆಯ ಯೋಜನೆಯನ್ನು ಮಾಡಿಕೊಟ್ಟು, 1909ರ ನವೆಂಬರಿನಲ್ಲಿ ಮೈಸೂರಿನ ಚೀಫ್ ಎಂಜಿನಿಯರರಾದರು. ಮೂರು ವರ್ಷಗಳ ಮೇಲೆ, 1912ರ ನವೆಂಬರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರು ಅವರನ್ನು ದಿವಾನ ಪದವಿಗೆ ಕರೆದರು. ಅದುವರೆಗೆ ಆ ಪೀಠವನ್ನೇರಿದವರು ಹೆಚ್ಚಾಗಿ ಕಂದಾಯ, ನ್ಯಾಯ ಇಲಾಖೆಗಳಲ್ಲಿ ನುರಿತವರು. ಕಲ್ಲು ಗಾರೆಗಳ ಮನುಷ್ಯನಿಗೆ ರಾಜನೀತಿಯೇನು ತಿಳಿಯುತ್ತದೆಂದು ಅಂದು ಶಂಕಿಸಿದವರೂ ಇದ್ದಿರಬೇಕು.

ಅವರ ಆರು ವರ್ಷಗಳ ದಿವಾನಗಿರಿಯಲ್ಲಿ ಹುಟ್ಟಿದ ಸಂಸ್ಥೆಗಳ ಪಟ್ಟಿಯು ಪ್ರಸಿದ್ಧವಾದುದು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ವಿಶ್ವವಿದ್ಯಾನಿಲಯ, ಗಂಧದೆಣ್ಣೆಯ ಕಾರ್ಖಾನೆ. ಇವಕ್ಕೆಲ್ಲ ಹಿನ್ನೆಲೆಯಾಗಿ 1911ರಿಂದ ನಡೆದ ಸಂಪದಭ್ಯುದಯ ಸಮಾಜ. ಶಾಲೆಗಳಲ್ಲಿ ಓದುವ ಮಕ್ಕಳ ಸಂಖ್ಯೆಯು ಆ ಅವಧಿಯಲ್ಲಿ ಸುಮಾರು 1,40,000ದಿಂದ 3,66,000ಕ್ಕೆ ಏರಿತು. ಇವುಗಳನ್ನು ಇಷ್ಟಕ್ಕೇ ಬಿಟ್ಟು, ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ಕಡೆಗೆ ತಿರುಗುತ್ತೇವೆ.

ದಿವಾನರೆಂದರೆ ಪ್ರಜಾಪ್ರತಿನಿಧಿ ಸಭೆಗೂ ನ್ಯಾಯವಿಧಾಯಕ ಸಭೆಗೂ ಅಧ್ಯಕ್ಷರು. ರಂಗಾಚಾರ್ಯರು 1881ರಲ್ಲಿ ಸ್ಥಾಪಿಸಿದ ಪ್ರತಿನಿಧಿ ಸಭೆಯು ದಸರೆಯ ಕಾಲದಲ್ಲಿ ಮೈಸೂರಿನಲ್ಲಿ ಸೇರುತ್ತಿತ್ತು. ತಾಲ್ಲೂಕು ತಾಲ್ಲೂಕಿನಿಂದಲೂ ಪ್ರತಿನಿಧಿಗಳು ಬಂದು ತಮ್ಮ ತಮ್ಮ ಸೀಮೆಯ ಕೆರೆ, ರಸ್ತೆ, ಶಾಲೆ, ಆಸ್ಪತ್ರೆಗಳ ಕೊರತೆಗಳನ್ನು ಅರಿಕೆಮಾಡಿಕೊಳ್ಳುವರು. ದಿವಾನರು ಕೇಳಿ ಉತ್ತರ ಕೊಡುವರು. ಕೇಳುವುದು ಪ್ರಜೆಗಳ ಕೆಲಸ, ಮಾಡುವುದೂ ಬಿಡುವುದೂ ಸರ್ಕಾರದ ಚಿತ್ತ. ಮತದಾನದ ಹಕ್ಕಾದರೋ ಆಸ್ತಿವಂತರಾದ ಕೆಲವರಿಗೆ ಮಾತ್ರ. 1907ರಲ್ಲಿ ಹುಟ್ಟಿದ ನ್ಯಾಯವಿಧಾಯಕ ಸಭೆಯೂ ಕಿರಿದಾದುದೇ. ವಿಶ್ವೇಶ್ವರಯ್ಯನವರು ಅದರ ಸದಸ್ಯರ ಸಂಖ್ಯೆಯನ್ನು 18ರಿಂದ 24ಕ್ಕೆ ಏರಿಸಿ, ಸದಸ್ಯರು ಸರ್ಕಾರವನ್ನು ಪ್ರಶ್ನಿಸುವುದಕ್ಕೂ ಆಯವ್ಯಯವನ್ನು ಚರ್ಚಿಸುವುದಕ್ಕೂ ಅವಕಾಶವನ್ನು ಕೊಡಿಸಿದರು. ಪ್ರತಿನಿಧಿ ಸಭೆಗೆ ವರ್ಷಕ್ಕೆ ಎರಡನೆಯ ಅಧಿವೇಶನವು ದೊರೆತುದೂ ಅವರ ಕಾಲದಲ್ಲಿಯೇ. ಜಿಲ್ಲಾ ತಾಲ್ಲೂಕು ಬೋರ್ಡುಗಳಲ್ಲಿಯೂ ಗ್ರಾಮಪಂಚಾಯತಿಗಳಲ್ಲಿಯೂ ಚುನಾಯಿತರಿಗೆ ಹೆಚ್ಚು ಸ್ಥಾನವಿರಬೇಕೆಂದು ಸಮಿತಿಗಳನ್ನು ನೇಮಿಸಿ ವಿಚಾರಮಾಡಿಸಿದುದರ ಫಲವಾಗಿ 1918ರ ಸ್ಥಳೀಯ ಸಂಸ್ಥೆಗಳ ಶಾಸನವು ಬಂದಿತು. ಪ್ರಜೆಗಳಿಗೆ ಹೊಣೆಯಾದ ಸರ್ಕಾರವು ಇದಲ್ಲ. ಅದು 1947ರವರೆಗೂ ಬರಲಿಲ್ಲ, ಬಂದದ್ದೂ ಚಳವಳಿಯ ಬಲದಿಂದಲೇ ಹೊರತು ದಾನವಾಗಿ ಅಲ್ಲ. ಆದರೂ ಲೆಕ್ಕವನ್ನು ಕೇಳುವ ಅಭ್ಯಾಸವನ್ನು ಪ್ರಜೆಗಳಿಗೆ ಮೊದಲು ಕಲಿಸಿದವರಲ್ಲಿ ಈ ಎಂಜಿನಿಯರರೂ ಒಬ್ಬರೆಂಬುದನ್ನು ಮರೆಯುವುದು ಕೃತಘ್ನತೆಯಾದೀತು.

ಇನ್ನು ಹಾಸನದ ಸೀಮೆಗೆ ಇವರಿಂದ ಆದ ಲಾಭವೇನು? ಮೈಸೂರಿನಿಂದ ಹೊಳೆನರಸೀಪುರ, ಹಾಸನಗಳ ಮೇಲೆ ಅರಸೀಕೆರೆಗೆ ಹೋಗುವ ರೈಲುದಾರಿಯ ಕೆಲಸವು ಅವರ ದಿವಾನಗಿರಿಯಲ್ಲಿ ನಡೆಯಿತು. ಅಡಕೆ ತೆಂಗುಗಳ ಸೀಮೆಗೂ ಮಲೆನಾಡಿನ ಅಂಚಿಗೂ ರಾಜಧಾನಿಯು ಹತ್ತಿರವಾಯಿತು. ಚನ್ನರಾಯಪಟ್ಟಣಕ್ಕೆ ರೈಲು ಬರುವುದಕ್ಕೆ ಮುಂದಿನ ಶತಮಾನವೇ ಬೇಕಾಯಿತು. ಬೆಂಗಳೂರಿಗೆ ನೇರ ದಾರಿಯು ತೆರೆದುದು 2017ರಲ್ಲಿ. ಅರಕಲಗೂಡು ಇನ್ನೂ ಬಸ್ಸನ್ನೇ ನಂಬಿದೆ.

ನೀರಿನ ಮಾತು ಇದಕ್ಕಿಂತ ದೊಡ್ಡದು. ಕನ್ನಂಬಾಡಿಯ ಕಟ್ಟೆಗೆ ಮಹಾರಾಜರ ಅನುಮತಿಯು 1911ರಲ್ಲಿ ದೊರೆತು ಅದೇ ವರ್ಷ ಕೆಲಸವು ಆರಂಭವಾಯಿತು. ಮದರಾಸು ಸರ್ಕಾರದ ಆಕ್ಷೇಪಣೆಯಿಂದ ಮೊದಲು 80 ಅಡಿಗಳ ಎತ್ತರಕ್ಕೆ ಮಾತ್ರ ಒಪ್ಪಿಗೆಯಿದ್ದರೂ, ಪೂರ್ಣ ಎತ್ತರದ ಕಟ್ಟೆಯನ್ನು ಹೊರುವಷ್ಟು ಅಗಲವಾಗಿ ಅಡಿಪಾಯವನ್ನು ಹಾಕಿಸಿದ ಅವರ ಧೈರ್ಯವನ್ನು ಮೆಚ್ಚಬೇಕು; 1924ರ ಒಪ್ಪಂದವಾದಾಗ ಆ ಅಡಿಪಾಯವು ಕಾದು ಕುಳಿತಿತ್ತು. ಆ ಕಟ್ಟೆಯಲ್ಲಿ ನಿಲ್ಲುವ ನೀರು ಎಲ್ಲಿಯದು? ಕಾವೇರಿಯು ಅರಕಲಗೂಡು ತಾಲ್ಲೂಕಿನ ಕೊಣನೂರು, ರಾಮನಾಥಪುರಗಳನ್ನು ಮುಟ್ಟಿ ಬರುತ್ತದೆ. ಹೇಮಾವತಿಯು ಸಕಲೇಶಪುರ, ಗೊರೂರು, ಹೊಳೆನರಸೀಪುರಗಳನ್ನು ಹಾದು ಅಲ್ಲಿಗೇ ಬಂದು ಸೇರುತ್ತದೆ. ಹಾಸನದ ರೈತನು ತನ್ನೂರಿನ ಪಕ್ಕದಲ್ಲಿ ಹರಿದ ಹೊಳೆಯು ಮಂಡ್ಯದಲ್ಲಿ ಕಬ್ಬಾಗುವುದನ್ನು ನೋಡಿದನು. ಮಂಡ್ಯದ ಕಾಲುವೆಯಲ್ಲಿ ಬ್ಲಾಕ್ ಪದ್ಧತಿಯನ್ನು ಅನುಸರಿಸಿ ಭತ್ತ, ಕಬ್ಬು, ಅರೆಖುಷ್ಕಿ ಬೆಳೆಗಳಿಗೆ ನೀರನ್ನು ಹಂಚಿದುದು ನ್ಯಾಯವೇ. ಆದರೆ ಆ ನ್ಯಾಯವು ಕಟ್ಟೆಯ ಕೆಳಗಿನವರಿಗೆ ಸಂದುದು. ಕಟ್ಟೆಯ ಮೇಲಣ ತಾಲ್ಲೂಕುಗಳು ಹಳೆಯ ಅಣೆಕಟ್ಟುಗಳ ಕಾಲುವೆಗಳನ್ನೂ ಮಳೆಯನ್ನು ನಂಬಿದ ಕೆರೆಗಳನ್ನೂ ನೆಚ್ಚಿಕೊಂಡು ಉಳಿದುವು. ಗೊರೂರಿನ ಬಳಿ ಹೇಮಾವತಿಗೆ ಕಟ್ಟೆಯು ಪೂರ್ಣವಾದುದು 1979ರ ವೇಳೆಗೆ. ಅದರ ಕಾಲುವೆಗಳಿಂದ ಈ ತಾಲ್ಲೂಕುಗಳಿಗೆ ನೀರು ಬಂದಿತು. ಎಡದಂಡೆಯ ನೀರು ಚನ್ನರಾಯಪಟ್ಟಣದ ಕಡೆಯಿಂದ ತುಮಕೂರು ಜಿಲ್ಲೆಗೂ ಹೋಯಿತು. ಮುಳುಗಿದ ಹಳ್ಳಿಗಳ ಜನರು ಬೇರೆ ನೆಲೆಗಳನ್ನು ಹುಡುಕಿಕೊಂಡರು. ಇದಕ್ಕಾಗಿ ವಿಶ್ವೇಶ್ವರಯ್ಯನವರನ್ನು ದೂರುವುದಿಲ್ಲ. ಒಂದು ಕಾಲದ ಬೊಕ್ಕಸಕ್ಕೆ ಒಂದು ಕಟ್ಟೆಯೇ ಭಾರ.

ಅವರೊಡನೆ ನಾವು ಒಪ್ಪಲಾರದಿರುವುದು ಬೇರೊಂದು ಹಂಚಿಕೆಯ ವಿಷಯದಲ್ಲಿ. ಸರ್ಕಾರದ ಹುದ್ದೆಗಳೆಲ್ಲ ಬಹುಮಟ್ಟಿಗೆ ಬ್ರಾಹ್ಮಣರ ಕೈಯಲ್ಲಿದ್ದ ಕಾಲವದು. 1917ರಲ್ಲಿ ಪ್ರಜಾಮಿತ್ರ ಮಂಡಳಿಯು ಹುಟ್ಟಿತು. ಮರುವರ್ಷ ಬ್ರಾಹ್ಮಣೇತರ ಮುಖಂಡರು ಮಹಾರಾಜರಿಗೆ ಬಿನ್ನವತ್ತಳೆಯನ್ನು ಒಪ್ಪಿಸಿ, ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ತಮ್ಮವರಿಗೆ ಪಾಲು ಬೇಕೆಂದು ಕೇಳಿದರು. ಮಹಾರಾಜರು ಮುಖ್ಯ ನ್ಯಾಯಾಧೀಶರಾದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ದಿವಾನರಿಗೆ ಇದು ಸರಿಬೀಳಲಿಲ್ಲ. ಹುದ್ದೆಯು ಯೋಗ್ಯತೆಯಿಂದಲೇ ದೊರೆಯಬೇಕು, ಹಾಗಲ್ಲದಿದ್ದರೆ ಆಡಳಿತದ ದಕ್ಷತೆಯು ಕೆಡುವುದು, ಹಿಂದುಳಿದವರನ್ನು ಮೇಲೆತ್ತಲು ವಿದ್ಯಾಭ್ಯಾಸವನ್ನು ಹರಡುವುದೇ ದಾರಿ ಎಂಬುದು ಅವರ ನಿಲವು. 1918ರ ಕೊನೆಯಲ್ಲಿ ಅವರು ಪದವಿಯನ್ನು ಬಿಟ್ಟರು, ಎಂ. ಕಾಂತರಾಜ ಅರಸರು ದಿವಾನರಾದರು. ಮಿಲ್ಲರ್ ಸಮಿತಿಯ ಸಲಹೆಗಳ ಮೇಲೆ 1921ರಲ್ಲಿ ಸರ್ಕಾರದ ಆಜ್ಞೆಯೂ ಹೊರಟಿತು.

ಅವರ ಪ್ರಾಮಾಣಿಕತೆಯನ್ನು ಶಂಕಿಸುವುದಕ್ಕೆ ಕಾರಣವಿಲ್ಲ. ತನ್ನ ಮಾತು ನಡೆಯದಲ್ಲಿ ಪೀಠಕ್ಕೆ ಅಂಟಿಕೊಂಡಿರದೆ ಎದ್ದುಹೋದವರು ಎಲ್ಲ ಕಾಲದಲ್ಲಿಯೂ ವಿರಳ. ಶಾಲೆಗಳನ್ನು ಹರಡಿದುದೂ ಅವರೇ. ಆದರೆ ಶಾಲೆಯಿಂದ ಹೊರಬಂದ ಒಕ್ಕಲುಮಗನು ಕಛೇರಿಯ ಬಾಗಿಲಲ್ಲಿ ನಿಂತಾಗ, ಒಳಗೆ ಮೂರು ತಲೆಮಾರುಗಳಿಂದ ಓದಿದವರ ಮಕ್ಕಳೇ ತುಂಬಿದ್ದರೆ ಅವನ ಯೋಗ್ಯತೆಯನ್ನು ಅಳೆಯುವ ಕೋಲು ಯಾವುದು? ನೀರಾ ಕಾಲುವೆಯ ತಲೆಯ ಹಳ್ಳಿಯವರೂ ಚೆನ್ನಾಗಿಯೇ ಕಬ್ಬು ಬೆಳೆಯುತ್ತಿದ್ದರು; ಅವರ ದಕ್ಷತೆಗೆ ಕೊರತೆಯಿರಲಿಲ್ಲ. ಆದರೂ ಕೆಳಗಿನ ಹಳ್ಳಿಯ ಪಾಲನ್ನು ಅವರಿಂದ ಬಿಡಿಸಿಕೊಟ್ಟ ಎಂಜಿನಿಯರರು, ಹುದ್ದೆಯೂ ಅಂತಹ ಒಂದು ನೀರೇ ಎಂಬುದನ್ನು ಕಾಣದೆಹೋದರು. ಸ್ವತಃ ವಿದ್ಯಾರ್ಥಿವೇತನದಿಂದ ಮೇಲೆ ಬಂದ ಮಹನೀಯರಲ್ಲಿ ಈ ಕೊರತೆಯು ನಮಗೆ ಹೆಚ್ಚಾಗಿ ಕಾಣುತ್ತದೆ.

ಪದವಿಯನ್ನು ಬಿಟ್ಟ ಮೇಲೂ ಅವರು ಸುಮ್ಮನೆ ಕುಳಿತವರಲ್ಲ. 1923ರಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಆಡಳಿತವನ್ನು ಕೆಲವು ವರ್ಷ ವಹಿಸಿದರು. 1928ರಲ್ಲಿ ಬೆಂಗಳೂರಿನ ಗಲಭೆಗಳ ವಿಚಾರಣಾ ಸಮಿತಿಗೆ ಅಧ್ಯಕ್ಷರಾದರು. 1929ರಲ್ಲಿ ತಿರುವನಂತಪುರದಲ್ಲಿ ಸೇರಿದ ದಕ್ಷಿಣ ಭಾರತದ ಸಂಸ್ಥಾನಗಳ ಪ್ರಜೆಗಳ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳಿತರು. ಹಿಂದೆ ದಿವಾನರಾಗಿದ್ದವರು ಪ್ರಜೆಗಳ ಪಂಕ್ತಿಗೆ ಬಂದು ಕುಳಿತುದು ಸಾಮಾನ್ಯ ವಿಷಯವಲ್ಲ. 1934ರಲ್ಲಿ ಭಾರತಕ್ಕೆ ಯೋಜನಾಬದ್ಧ ಅರ್ಥವ್ಯವಸ್ಥೆಯು ಬೇಕೆಂದು ಗ್ರಂಥವನ್ನು ಬರೆದರು. ಭದ್ರಾವತಿಯ ಕೆಲಸಕ್ಕಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ತಾವು ಮುಟ್ಟದೆ, ಕಸಬುಗಳನ್ನು ಕಲಿಸುವ ಸಂಸ್ಥೆಗೆಂದು ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ತೆರೆಯಿತು. ಕಾಲೇಜಿನ ಮೆಟ್ಟಿಲನ್ನು ಹತ್ತಲಾರದ ಹುಡುಗರಿಗೆ ಅಳತೆ, ನಕ್ಷೆ, ಯಂತ್ರಗಳ ವಿದ್ಯೆಯನ್ನು ಕೊಡುವ ಆ ಬಗೆಯ ಶಾಲೆಗಳು ಕ್ರಮೇಣ ಹಾಸನದಂತಹ ಜಿಲ್ಲಾ ಪಟ್ಟಣಗಳಿಗೂ ಬಂದುವು. 1955ರಲ್ಲಿ ಅವರಿಗೆ ಭಾರತರತ್ನವು ಸಂದಿತು.

ಅವರು ತೀರಿಕೊಂಡು ಮೂರೂವರೆ ತಿಂಗಳಾಗಿತ್ತು. 1962ನೆಯ ಜುಲೈ 31ರಂದು ಮೈಸೂರು ಸರ್ಕಾರವು ಒಂದು ಆಜ್ಞೆಯನ್ನು ಹೊರಡಿಸಿ, ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ಸ್ಥಾನಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದ ವರ್ಗಗಳಿಗೂ, 15ನ್ನು ಪರಿಶಿಷ್ಟ ಜಾತಿಗಳಿಗೂ, 3ನ್ನು ಪರಿಶಿಷ್ಟ ಪಂಗಡಗಳಿಗೂ ಮೀಸಲಾಗಿಟ್ಟಿತು. ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಸೆಪ್ಟೆಂಬರ್ 28ರಂದು ಆ ಆಜ್ಞೆಯನ್ನು ರದ್ದುಮಾಡಿತು. ನೂರಕ್ಕೆ 68 ಹೆಚ್ಚಾಯಿತೆಂದೂ, ಮೀಸಲಾತಿಯು ಸಾಮಾನ್ಯವಾಗಿ ಅರ್ಧಕ್ಕಿಂತ ಕಡಿಮೆಯಿರಬೇಕೆಂದೂ ನ್ಯಾಯಾಲಯದ ಅಭಿಪ್ರಾಯ. ಮೀಸಲಾತಿಯೇ ಕೂಡದೆಂದು ಅದು ಹೇಳಲಿಲ್ಲ. ಯಾರಿಗೆ ಎಷ್ಟು ಎಂಬ ಲೆಕ್ಕವನ್ನು ಮತ್ತೆ ಸರ್ಕಾರದ ಮುಂದೆಯೇ ಇಟ್ಟಿತು.