ಎಂಬತ್ತರಲ್ಲಿ ಹೊಸ ಪಕ್ಷ ಕಟ್ಟಿದ ರಾಜಾಜಿ

ನಮ್ಮ ದಾದಾ ತಮ್ಮ ತಂಗಿಯ ನಿಕಾಹ್‌ಗೆ ಒಂದು ಮೂಟೆ ಸಕ್ಕರೆಯ ಪರ್ಮಿಟ್‌ಗಾಗಿ ಮೂರು ದಿನ ಕಚೇರಿ ಬಾಗಿಲಲ್ಲಿ ನಿಂತಿದ್ದರಂತೆ. ತರಗತಿಯಲ್ಲಿ 1991ರ ಉದಾರೀಕರಣದ ಪಾಠ ನಡೆದಾಗ ನನಗೆ ಈ ಕಥೆ ನೆನಪಾಯಿತು. ಅಂಥ ಆಡಳಿತಕ್ಕೆ ಪರ್ಮಿಟ್-ಲೈಸೆನ್ಸ್-ಕೋಟಾ ರಾಜ್ ಎಂದು ಹೆಸರಿಟ್ಟವರು ಚಕ್ರವರ್ತಿ ರಾಜಗೋಪಾಲಾಚಾರಿ, ಅಂದರೆ ರಾಜಾಜಿ.

ಅವರು ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ. ಓದಿದ್ದು ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಸೇಲಂನಲ್ಲಿ ವಕೀಲರಾಗಿದ್ದರು, ಗಾಂಧೀಜಿಯವರ ಜೊತೆ ಸೇರಿ ಜೈಲು ಕಂಡರು, ಮುಂದೆ ಅವರ ಬೀಗರೂ ಆದರು. ಗವರ್ನರ್ ಜನರಲ್ ಆದ ಏಕೈಕ ಭಾರತೀಯ ಇವರೇ. 1954ರಲ್ಲಿ ಭಾರತರತ್ನ ಬಂತು. ಇಷ್ಟಾದ ಮೇಲೆ ಬೇರೆಯವರಾಗಿದ್ದರೆ ಮನೆಯಲ್ಲಿ ಆರಾಮವಾಗಿ ಕೂರುತ್ತಿದ್ದರು.

ಆದರೆ 1959ರ ಜನವರಿಯಲ್ಲಿ ನಾಗಪುರದಲ್ಲಿ ಕಾಂಗ್ರೆಸ್, ರೈತರ ಜಮೀನು ಒಟ್ಟುಗೂಡಿಸಿ ಸಹಕಾರಿ ಬೇಸಾಯ ಮಾಡುವ ನಿರ್ಣಯ ಕೈಗೊಂಡಿತು. ದೊಡ್ಡ ಕಾರ್ಖಾನೆ ತೆರೆಯಲು, ವಿಸ್ತರಿಸಲು ಲೈಸೆನ್ಸ್ ಬೇಕೆಂಬ ಕಾನೂನು 1951ರಿಂದಲೇ ಇತ್ತು. ಸರ್ಕಾರ ಜನರ ಹೊಲಕ್ಕೂ ಅಂಗಡಿಗೂ ಇಷ್ಟು ಕೈಹಾಕಬಾರದು ಎಂಬುದು ರಾಜಾಜಿಯವರ ವಾದ. 1952ರಲ್ಲಿ ಮದ್ರಾಸ್ ಮುಖ್ಯಮಂತ್ರಿಯಾಗಿ ಆಹಾರಧಾನ್ಯದ ನಿಯಂತ್ರಣ ತೆಗೆದುಹಾಕಿ, ಇದನ್ನು ಮಾಡಿಯೂ ತೋರಿಸಿದ್ದರು. ಈಗ ಮೀನೂ ಮಸಾನಿ, ಎನ್. ಜಿ. ರಂಗಾ ಮೊದಲಾದವರ ಜೊತೆ ಸ್ವತಂತ್ರ ಪಕ್ಷ ಕಟ್ಟಿದರು. ಎದುರಿಗಿದ್ದವರು ಹಳೆಯ ಗೆಳೆಯ ನೆಹರೂ!

ಪಕ್ಷಕ್ಕೆ ಲೋಕಸಭೆಯಲ್ಲಿ 1962ರಲ್ಲಿ 18 ಸ್ಥಾನ, 1967ರಲ್ಲಿ 44 ಸ್ಥಾನ ಸಿಕ್ಕಿತು. ಆಗ ಅದೇ ದೊಡ್ಡ ವಿರೋಧ ಪಕ್ಷ. ಆದರೆ ವಿಚಾರ ಇದ್ದರೆ ಸಾಲದು, ಓಟು ತರುವವರೂ ಬೇಕಲ್ಲ? ಜಯಪುರದ ಮಹಾರಾಣಿ ಗಾಯತ್ರಿ ದೇವಿಯಂಥ ರಾಜಮನೆತನದವರು, ಜಮೀನ್ದಾರರು, ಉದ್ಯಮಿಗಳು ಬಂದರು. ಸಣ್ಣ ರೈತನ, ಸಣ್ಣ ವ್ಯಾಪಾರಿಯ ಸ್ವಾತಂತ್ರ್ಯಕ್ಕೆಂದು ಹೊರಟ ಪಕ್ಷಕ್ಕೆ ಶ್ರೀಮಂತರ ಪಕ್ಷ ಎಂಬ ಹೆಸರು ಅಂಟಿಕೊಂಡಿತು.

ರಾಜಾಜಿಯವರಲ್ಲೂ ನನಗೆ ಒಂದು ವಿಷಯ ಸರಿಯಾಗಿ ಅರ್ಥವಾಗಿಲ್ಲ. 1937ರಲ್ಲಿ ಸೇಲಂನಲ್ಲಿ ಪಾನನಿಷೇಧ ತಂದವರು ಅವರೇ. (ಅದರಿಂದಾದ ನಷ್ಟ ತುಂಬಲು 1939ರಲ್ಲಿ ಮಾರಾಟ ತೆರಿಗೆಯನ್ನೂ ತಂದರು. ಕಾಮರ್ಸ್ ಗೆಳೆಯರು ಗಮನಿಸಿ!) ಅದೇ ಅವಧಿಯಲ್ಲಿ ಶಾಲೆಗಳಲ್ಲಿ ಹಿಂದಿ ಕಡ್ಡಾಯ ಮಾಡಿ, ವಿರೋಧಿಸಿದವರನ್ನು ಜೈಲಿಗೆ ಕಳಿಸಿದರು. ಪಾನನಿಷೇಧ ನನಗೂ ಇಷ್ಟವೇ. ಆದರೆ ಸಕ್ಕರೆಯ ವಿಷಯದಲ್ಲಿ ಸರ್ಕಾರ ದೂರ ಇರಬೇಕು, ಭಾಷೆಯ ವಿಷಯದಲ್ಲಿ ಲಾಠಿ ಹಿಡಿಯಬಹುದು ಎಂದರೆ ಹೇಗೆ? ಹಿಂದಿಯ ಬಗ್ಗೆ ಮುಂದೆ ಅವರೇ ಮನಸ್ಸು ಬದಲಿಸಿದರು. ಮದ್ಯದ ಬಗ್ಗೆ ಬದಲಿಸಲಿಲ್ಲ. 1971ರಲ್ಲಿ, 92ನೇ ವಯಸ್ಸಿನಲ್ಲಿ, ಪಾನನಿಷೇಧ ತೆಗೆಯಬೇಡಿ ಎಂದು ಕೇಳಲು ಕರುಣಾನಿಧಿಯವರ ಮನೆಗೇ ಹೋದರು. ಪ್ರಯೋಜನವಾಗಲಿಲ್ಲ.

ಅದೇ ವರ್ಷದ ಚುನಾವಣೆಯಲ್ಲಿ ಪಕ್ಷ 8 ಸ್ಥಾನಕ್ಕೆ ಇಳಿಯಿತು. 1972ರ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು. 1974ರಲ್ಲಿ ಪಕ್ಷ ಭಾರತೀಯ ಲೋಕದಳದಲ್ಲಿ ಸೇರಿಹೋಯಿತು. ಹೆಚ್ಚಿನ ಕೈಗಾರಿಕೆಗಳಿಗೆ ಲೈಸೆನ್ಸ್ ರದ್ದಾಗಲು ಇನ್ನೂ 17 ವರ್ಷ ಬೇಕಾಯಿತು. ಅದನ್ನು ರದ್ದು ಮಾಡಿದ್ದು ಕಾಂಗ್ರೆಸ್ ಸರ್ಕಾರ.

ಆ ನಕ್ಷತ್ರದ ಗುರುತಿಗೆ ನೀವು ಓಟು ಹಾಕಿದ್ದಿರಾ ಎಂದು ದಾದಾರನ್ನು ಕೇಳಿದೆ. ಅವರು ನಕ್ಕು, ಅದು ರಾಜರ ಪಕ್ಷ ಅಲ್ಲವೇ, ಸಕ್ಕರೆಗೆ ಸಾಲಿನಲ್ಲಿ ನಿಂತ ನಮಗೂ ಅದಕ್ಕೂ ಏನು ಸಂಬಂಧ ಎಂದರು.