ಬೆಳಗಾವಿಯ ಭಾಷಣವೂ ಲೋಕಮಾನ್ಯರ ನುಡಿಯ ಪರೀಕ್ಷೆಯೂ

ರಾಜಕೀಯ ಪಕ್ಷದ ಮುಖಂಡನು ಸಭೆಯಲ್ಲಿ ಆಡಿದ ಮಾತಾಗಲಿ, ಪತ್ರಿಕೆಯಲ್ಲಿ ಬರೆದ ಲೇಖನವಾಗಲಿ ಅವನೊಬ್ಬನ ಸ್ವತ್ತಾಗಿ ಉಳಿಯುವುದಿಲ್ಲ. ಅನುಯಾಯಿಗಳಿಗೆ ಅದು ಪಕ್ಷದ ಆಜ್ಞೆಯಾಗುತ್ತದೆ, ವಿರೋಧಿಗಳಿಗೆ ಸಾಕ್ಷ್ಯವಾಗುತ್ತದೆ. ಆದುದರಿಂದ ಅಂತಹ ಮಾತು ಹೊರಬೀಳುವ ಮೊದಲು ಅದನ್ನು ತೂಗತಕ್ಕವರು ಯಾರು, ಹೊರಬಿದ್ದ ಮೇಲೆ ಅದರ ಗುಣದೋಷಗಳನ್ನು ನಿರ್ಣಯಿಸತಕ್ಕವರು ಯಾರು ಎಂಬುದು ಸಾಮಾನ್ಯ ಪ್ರಶ್ನೆಯಲ್ಲ. ಈ ಎರಡು ಪರೀಕ್ಷೆಗಳನ್ನೂ ಜೀವಮಾನವಿಡೀ ಎದುರಿಸಿದವರು ಲೋಕಮಾನ್ಯ ಬಾಳ ಗಂಗಾಧರ ಟಿಳಕರು. ಅವುಗಳಲ್ಲಿ ಅತ್ಯಂತ ಮಹತ್ವದ್ದಾದ ಒಂದು ಪರೀಕ್ಷೆಗೆ ಮೂಲವಾದದ್ದು ನಮ್ಮ ಬೆಳಗಾವಿಯಲ್ಲಿ ಅವರು ಮಾಡಿದ ಭಾಷಣ.

ಟಿಳಕರು 1856ನೆಯ ಇಸವಿ ಜುಲೈ 23ರಂದು ರತ್ನಾಗಿರಿಯಲ್ಲಿ ಜನಿಸಿದರು. ಪುಣೆಯಲ್ಲಿ ವಿದ್ಯಾಭ್ಯಾಸ ಮುಗಿಸಿ, ಸಂಬಳದ ಆಸೆಯನ್ನು ತೊರೆದು, ಚಿಪಳೂಣಕರ, ಆಗರಕರ ಮೊದಲಾದವರೊಡನೆ ಶಿಕ್ಷಣಕಾರ್ಯಕ್ಕೆ ಕೈ ಹಾಕಿದರು. 1881ರ ಜನವರಿಯಲ್ಲಿ ಈ ಮಂಡಲಿಯು ಮರಾಠಿಯಲ್ಲಿ ‘ಕೇಸರಿ’, ಇಂಗ್ಲಿಷಿನಲ್ಲಿ ‘ಮರಾಠಾ’ ಎಂಬ ಪತ್ರಿಕೆಗಳನ್ನು ಆರಂಭಿಸಿತು. ಆಗ ಟಿಳಕರಿಗೆ ಇಪ್ಪತ್ತೈದು ವರ್ಷವೂ ತುಂಬಿರಲಿಲ್ಲ.

ಮೊದಲ ಪಾಠವು ಬಹು ಬೇಗನೆ ದೊರೆಯಿತು. ಕೊಲ್ಲಾಪುರದ ಬಾಲಮಹಾರಾಜರನ್ನು ಅಲ್ಲಿಯ ದಿವಾಣರು ಹಿಂಸಿಸುತ್ತಿದ್ದಾರೆಂಬ ಆಪಾದನೆಯನ್ನು ಈ ಪತ್ರಿಕೆಗಳು ಪ್ರಕಟಿಸಿದವು. ಅದಕ್ಕೆ ಆಧಾರವಾಗಿದ್ದ ಪತ್ರಗಳು ನಕಲಿಯೆಂದು ಮುಂದೆ ತಿಳಿದುಬಂದಿತು. ಸಂಪಾದಕರು ಕ್ಷಮೆ ಕೋರಿದರಾದರೂ ಖಟ್ಲೆಯು ನಿಲ್ಲಲಿಲ್ಲ. 1882ರಲ್ಲಿ ಟಿಳಕ, ಆಗರಕರರಿಬ್ಬರೂ ಮುಂಬಯಿಯ ಡೋಂಗರಿ ಸೆರೆಮನೆಯಲ್ಲಿ 101 ದಿನಗಳನ್ನು ಕಳೆದರು. ಉದ್ದೇಶವು ಎಷ್ಟೇ ಶುದ್ಧವಾಗಿದ್ದರೂ ಆಧಾರವನ್ನು ಪರೀಕ್ಷಿಸದೆ ಮುದ್ರಿಸಿದ ಮಾತು ಮುದ್ರಿಸಿದವರನ್ನೇ ಕೆಡವುತ್ತದೆಂಬುದು ಇದರಿಂದ ಸ್ಪಷ್ಟವಾಯಿತು.

ಮುಂದಿನ ಎರಡು ಖಟ್ಲೆಗಳ ಸ್ವರೂಪವೇ ಬೇರೆ. 1897ರಲ್ಲಿ ಪ್ಲೇಗಿನ ಅಧಿಕಾರಿ ರ‍್ಯಾಂಡನ ಕೊಲೆಯಾದ ಬಳಿಕ, ಕೇಸರಿಯಲ್ಲಿ ಅದಕ್ಕೆ ಮೊದಲು ಪ್ರಕಟವಾಗಿದ್ದ ಶಿವಾಜಿ ಉತ್ಸವದ ಬರೆಹಗಳನ್ನು ಮುಂದಿಟ್ಟುಕೊಂಡು ಸರಕಾರವು ಟಿಳಕರ ಮೇಲೆ ರಾಜದ್ರೋಹದ ಆಪಾದನೆಯನ್ನು ಹೊರಿಸಿತು. ಸರಕಾರದ ಮೇಲೆ ಪ್ರೀತಿಯಿಲ್ಲದಿರುವುದೇ ಅಪ್ರೀತಿ ಎಂದು ನ್ಯಾಯಮೂರ್ತಿ ಸ್ಟ್ರೇಚಿಯವರು ಜ್ಯೂರಿಗೆ ಅರ್ಥ ಹೇಳಿದರು. ಹದಿನೆಂಟು ತಿಂಗಳ ಶಿಕ್ಷೆಯಾಯಿತು. ಕ್ಷಮೆ ಬೇಡಿ ಬಿಡುಗಡೆ ಹೊಂದಿರೆಂದು ಹಿತೈಷಿಗಳು ಸೂಚಿಸಿದಾಗ ಟಿಳಕರು ಒಪ್ಪಲಿಲ್ಲ. 1882ರಲ್ಲಿ ಕೋರಿದ ಕ್ಷಮೆಯನ್ನು 1897ರಲ್ಲಿ ಏಕೆ ನಿರಾಕರಿಸಿದರು? ಮೊದಲನೆಯದರಲ್ಲಿ ಸಂಗತಿಯೇ ಸುಳ್ಳಾಗಿತ್ತು; ಎರಡನೆಯದರಲ್ಲಿ ಸರಕಾರಕ್ಕೆ ಹಿಡಿಸದೆ ಹೋದದ್ದು ಅಭಿಪ್ರಾಯ. ತಪ್ಪಾದ ಸಂಗತಿಯನ್ನು ಹಿಂದೆಗೆದುಕೊಳ್ಳುವುದು ಧರ್ಮ. ನಂಬಿದ ಅಭಿಪ್ರಾಯವನ್ನು ಭಯದಿಂದ ಹಿಂದೆಗೆದುಕೊಳ್ಳುವುದು ಧರ್ಮವಲ್ಲ. ಟಿಳಕರ ಸಾರ್ವಜನಿಕ ಜೀವನದ ಮರ್ಮವು ಈ ಭೇದದಲ್ಲಿಯೇ ಇದೆಯೆಂದು ನಮಗೆ ತೋರುತ್ತದೆ.

1908ರಲ್ಲಿ ಮುಜಫರಪುರದ ಬಾಂಬಿನ ಪ್ರಕರಣವನ್ನು ಕುರಿತು ಕೇಸರಿಯಲ್ಲಿ ಬಂದ ಲೇಖನಗಳಿಗಾಗಿ ಮತ್ತೆ ಖಟ್ಲೆಯಾಯಿತು. ಟಿಳಕರು ತಾವೇ ನಿಂತು ದಿನಗಟ್ಟಲೆ ವಾದಿಸಿದರು. ಮರಾಠಿಯಲ್ಲಿ ಬರೆದ ಲೇಖನವನ್ನು ಇಂಗ್ಲಿಷ್ ಭಾಷಾಂತರದ ಮೇಲಿಂದ ವಿಚಾರಿಸಲಾಗುತ್ತಿದೆ, ಆ ಭಾಷಾಂತರದಲ್ಲಿ ಶಬ್ದಗಳ ಅರ್ಥವೇ ಕೆಟ್ಟಿದೆ ಎಂಬುದು ಅವರ ಮುಖ್ಯ ಆಕ್ಷೇಪವಾಗಿತ್ತು. ಬೆಳಗಾವಿ, ಖಾನಾಪುರಗಳ ನಿವಾಸಿಗಳಿಗೆ ಈ ಆಕ್ಷೇಪದ ಸತ್ತ್ವವನ್ನು ವಿವರಿಸಬೇಕಾಗಿಲ್ಲ. ಕನ್ನಡ ಮರಾಠಿಗಳೆರಡೂ ಒಂದೇ ಬೀದಿಯಲ್ಲಿ ನಡೆದಾಡುವ ಈ ನಾಡಿನಲ್ಲಿ, ಒಂದು ಮಾತು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವಾಗ ಎಷ್ಟು ಬಣ್ಣ ಬದಲಿಸುತ್ತದೆಂಬುದು ನಿತ್ಯದ ಅನುಭವ. ಆದರೆ ಜ್ಯೂರಿಯಲ್ಲಿ ಏಳು ಮಂದಿ ಟಿಳಕರ ವಿರುದ್ಧವಾಗಿಯೂ ಇಬ್ಬರು ಮಾತ್ರ ಅನುಕೂಲವಾಗಿಯೂ ಅಭಿಪ್ರಾಯ ಕೊಟ್ಟರು. ನ್ಯಾಯಮೂರ್ತಿ ದಾವರ ಅವರು ಆರು ವರ್ಷಗಳ ಗಡೀಪಾರಿನ ಶಿಕ್ಷೆಯನ್ನು ವಿಧಿಸಿದರು. ಮಂಡಾಲೆಯ ಸೆರೆಯಲ್ಲಿ ಟಿಳಕರು ‘ಗೀತಾರಹಸ್ಯ’ವನ್ನು ಬರೆದರು.

1914ರ ಜೂನಿನಲ್ಲಿ ಅವರು ಪುಣೆಗೆ ಮರಳಿದಾಗ ದೇಶದ ಸ್ಥಿತಿಯು ಬದಲಾಗಿದ್ದಿತು. 1910ರ ಮುದ್ರಣ ಕಾಯಿದೆಯು ಮುದ್ರಣಾಲಯಗಳಿಂದಲೂ ಪತ್ರಿಕೆಗಳಿಂದಲೂ ಮುಂಚಿತವಾಗಿಯೇ ಠೇವಣಿ ಕೇಳುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತ್ತು. ಹೀಗೆ ಮಾತು ಹುಟ್ಟುವ ಮೊದಲೇ ಅದಕ್ಕೆ ಕಾವಲು ನಿಂತಿತ್ತು. ಯುದ್ಧವು ಆರಂಭವಾದಾಗ ಟಿಳಕರು ತಮ್ಮ ನಿಲುವನ್ನು ಪತ್ರಮುಖೇನ ಪ್ರಕಟಿಸಿದರು: ತಮಗೆ ಬೇಕಾದುದು ಆಡಳಿತದ ಸುಧಾರಣೆ, ಸರಕಾರದ ಉಚ್ಛೇದವಲ್ಲ, ಹಿಂಸೆಯು ತಮಗೆ ಸಮ್ಮತವಲ್ಲ. ಕೆಲವರಿಗೆ ಇದು ಹಿಂಜರಿಕೆಯೆಂದು ತೋರಿರಬಹುದು. ಆದರೆ ಗುರಿಯನ್ನು ಬಿಡದೆ, ಆಡುವ ಮಾತಿನ ಎಲ್ಲೆಯನ್ನು ತಾವೇ ಗುರುತಿಸಿಕೊಂಡ ಕ್ರಮವಿದು.

1916ರ ಏಪ್ರಿಲಿನಲ್ಲಿ ಬೆಳಗಾವಿಯಲ್ಲಿ ಮುಂಬಯಿ ಪ್ರಾಂತಿಕ ಪರಿಷತ್ತು ನೆರೆಯಿತು. ಅದೇ ಸಂದರ್ಭದಲ್ಲಿ, ಏಪ್ರಿಲ್ 28ರಂದು, ಟಿಳಕರ ಹೋಂರೂಲ್ ಸಂಘವು ಸ್ಥಾಪಿತವಾಯಿತು. ಜೋಸೆಫ್ ಬ್ಯಾಪ್ಟಿಸ್ಟಾ ಅಧ್ಯಕ್ಷರಾದರು, ನರಸಿಂಹ ಚಿಂತಾಮಣ ಕೇಳಕರರು ಕಾರ್ಯದರ್ಶಿಗಳಾದರು. ಮೇ 1ರಂದು ಟಿಳಕರು ಇದೇ ಊರಿನಲ್ಲಿ ಸ್ವರಾಜ್ಯವನ್ನು ಕುರಿತು ಮಾತನಾಡಿದರು. ಚಕ್ರವರ್ತಿಯ ಪ್ರಭುತ್ವವು ಬೇರೆ, ಅದರ ಹೆಸರಿನಲ್ಲಿ ನಡೆಯುವ ಅಧಿಕಾರಿವರ್ಗದ ಆಡಳಿತವು ಬೇರೆ ಎಂಬುದು ಆ ಭಾಷಣದ ತಿರುಳು. ವೇದಾಂತದ ನಿರ್ಗುಣ, ಸಗುಣಗಳ ಹೋಲಿಕೆಯಿಂದ, ಕಾಣದ ಸರಕಾರವನ್ನೂ ಕಾಣುವ ಸರಕಾರವನ್ನೂ ಅವರು ಬೇರ್ಪಡಿಸಿ ತೋರಿಸಿದರು. ಬದಲಾಗಬೇಕಾದುದು ಎರಡನೆಯದು ಮಾತ್ರ.

ಪೊಲೀಸ್ ಇಲಾಖೆಯ ಶೀಘ್ರಲಿಪಿಕಾರರು ಭಾಷಣಗಳನ್ನು ಬರೆದುಕೊಂಡರು. ಬೆಳಗಾವಿಯ ಈ ಭಾಷಣವನ್ನೂ, ಅಹಮದನಗರದಲ್ಲಿ ಮೇ 31 ಮತ್ತು ಜೂನ್ 1ರಂದು ಮಾಡಿದ ಎರಡು ಭಾಷಣಗಳನ್ನೂ ಆಧಾರವಾಗಿಟ್ಟುಕೊಂಡು, ಟಿಳಕರ ಅರುವತ್ತನೆಯ ಹುಟ್ಟುಹಬ್ಬದ ಸಮಯಕ್ಕೆ ಸರಿಯಾಗಿ ಸರಕಾರವು ನೋಟೀಸನ್ನು ಜಾರಿ ಮಾಡಿತು. ಒಂದು ವರ್ಷ ಸನ್ನಡತೆಯಿಂದಿರುವುದಾಗಿ 20,000 ರೂಪಾಯಿಗಳ ಮುಚ್ಚಳಿಕೆಯನ್ನೂ, ತಲಾ 10,000 ರೂಪಾಯಿಗಳ ಎರಡು ಜಾಮೀನುಗಳನ್ನೂ ಕೊಡತಕ್ಕದ್ದೆಂದು ಪುಣೆಯ ಮ್ಯಾಜಿಸ್ಟ್ರೇಟರು ಆಜ್ಞಾಪಿಸಿದರು. ಇದು ಆಡಿಹೋದ ಮಾತಿಗೆ ಶಿಕ್ಷೆಯಷ್ಟೇ ಆಗಿರಲಿಲ್ಲ. ಆಡಲಿರುವ ಮಾತಿಗೆ ಹಾಕಿದ ಬೀಗವೂ ಆಗಿತ್ತು.

ಟಿಳಕರು ಮುಂಬಯಿ ಹೈಕೋರ್ಟಿಗೆ ಹೋದರು. ಮಹಮ್ಮದಲಿ ಜಿನ್ನಾ ಅವರು ವಾದಿಸಿದರು. 1916ರ ನವೆಂಬರ್ 9ರಂದು ನ್ಯಾಯಮೂರ್ತಿಗಳಾದ ಬ್ಯಾಚಲರ್ ಮತ್ತು ಶಾಹ ಅವರು ಮ್ಯಾಜಿಸ್ಟ್ರೇಟರ ಆಜ್ಞೆಯನ್ನು ರದ್ದುಗೊಳಿಸಿದರು. ಭಾಷಣದಿಂದ ಅಲ್ಲೊಂದು ಇಲ್ಲೊಂದು ವಾಕ್ಯವನ್ನು ಹೆಕ್ಕಿ ತೂಗಬಾರದು. ಸಮಗ್ರವಾಗಿ ಓದಿ, ಕೇಳಿದವರ ಮನಸ್ಸಿನ ಮೇಲೆ ಒಟ್ಟಿನಲ್ಲಿ ಅದು ಮಾಡಿರಬಹುದಾದ ಪರಿಣಾಮವನ್ನು ನೋಡಬೇಕು ಎಂಬುದು ಈ ತೀರ್ಪಿನ ಹೃದಯ. ಸ್ವರಾಜ್ಯವನ್ನು ಕೇಳುವುದು ರಾಜದ್ರೋಹವಲ್ಲವೆಂಬುದು ಇದರಿಂದ ಜನರಿಗೆ ಮನವರಿಕೆಯಾಯಿತು. ಸಂಘದ ಕೆಲಸಕ್ಕೆ ಹೊಸ ಹುರುಪು ಬಂದಿತು. ಅದರ ಮರಾಠಿ, ಇಂಗ್ಲಿಷ್ ಕಿರುಹೊತ್ತಗೆಗಳ 47,000 ಪ್ರತಿಗಳು ಒಂದು ವರ್ಷದೊಳಗೆ ಮಾರಾಟವಾದವು. ಗುಜರಾತಿ, ಕನ್ನಡಗಳಲ್ಲಿಯೂ ಹೊತ್ತಗೆಗಳು ಹೊರಬಂದವು.

ಸರಕಾರದ ಸಂಶಯವು ಇಷ್ಟಕ್ಕೆ ತೀರಲಿಲ್ಲ. ಅನುಮತಿಯಿಲ್ಲದೆ ಸಾರ್ವಜನಿಕ ಭಾಷಣ ಮಾಡಕೂಡದೆಂದು 1918ರಲ್ಲಿ ಟಿಳಕರಿಗೆ ಆಜ್ಞೆ ಬಂದಿತು. ತಮ್ಮನ್ನು ನಿಂದಿಸಿದ ಗ್ರಂಥಕರ್ತ ವ್ಯಾಲಂಟೈನ್ ಚಿರೋಲರ ಮೇಲೆ ಲಂಡನ್ನಿನಲ್ಲಿ ಅವರೇ ಹೂಡಿದ ದಾವೆಯು 1919ರಲ್ಲಿ ಸೋತಿತು. 1920ರ ಏಪ್ರಿಲಿನಲ್ಲಿ ಕಾಂಗ್ರೆಸ್ ಡೆಮೊಕ್ರಾಟಿಕ್ ಪಕ್ಷದ ಪ್ರಣಾಳಿಕೆಯನ್ನು ಪ್ರಕಟಿಸಿ, ಅದೇ ಆಗಸ್ಟ್ 1ರಂದು ಮುಂಬಯಿಯಲ್ಲಿ ಅವರು ದೇಹವಿಟ್ಟರು. ನಾಲ್ಕು ವರ್ಷಗಳ ತರುವಾಯ ಇದೇ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ಸಿನ ಮಹಾಧಿವೇಶನವು ನಡೆಯಿತು. ನಗರದ ಟಿಳಕವಾಡಿಯು ಲೋಕಮಾನ್ಯರ ಹೆಸರನ್ನು ಉಳಿಸಿಕೊಂಡಿದೆ.

ಇಂದು ಚುನಾವಣೆಯ ಕಾಲದಲ್ಲಿ ದೂರದರ್ಶನಕ್ಕೆ ಹೋಗುವ ಪಕ್ಷಗಳ ಜಾಹೀರಾತುಗಳನ್ನು ಮುಂಚಿತವಾಗಿ ಪರೀಕ್ಷಿಸುವ ವ್ಯವಸ್ಥೆಯಿದೆ. 2004ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆಜ್ಞೆಯು ಅದಕ್ಕೆ ಮೂಲ. ಅದು ಪರರಾಜ್ಯದ ಬೀಗವಲ್ಲ, ಪ್ರಜಾರಾಜ್ಯದ ನಿಯಮ. ಆದರೆ ಪರೀಕ್ಷಿಸುವ ಅಧಿಕಾರಿಗೆ 1916ರ ತೀರ್ಪು ಇನ್ನೂ ದಾರಿ ತೋರಿಸಬಲ್ಲದು: ಮಾತನ್ನು ಇಡಿಯಾಗಿ ಓದಬೇಕು, ಆಡಿದ ಭಾಷೆಯಲ್ಲಿಯೇ ತಿಳಿಯಬೇಕು. ಬೆಳಗಾವಿಯಲ್ಲಾಗಲಿ ಖಾನಾಪುರದಲ್ಲಾಗಲಿ ವೇದಿಕೆಯೇರತಕ್ಕ ಮುಖಂಡರಿಗೆ ಟಿಳಕರ ಚರಿತ್ರೆಯು ಬೇರೊಂದನ್ನು ಕಲಿಸುತ್ತದೆ. ಸಂಗತಿಯನ್ನು ಪರೀಕ್ಷಿಸುವ ಹೊಣೆಯನ್ನು ಯಾವ ಸಮಿತಿಗೂ ವಹಿಸಿಕೊಡಲಾಗದು. ಅದು ಮಾತು ಬಾಯಿಂದ ಹೊರಡುವ ಮೊದಲೇ ಆಡುವವನಿಂದ ಆಗತಕ್ಕ ಕೆಲಸ.