ನದಿಯನ್ನು ಅಳೆದ ಧೀರ

ನದಿಯ ನೀರು ಹೊಲಕ್ಕೆ ಬೇಕು, ಊರಿಗೆ ಬೇಕು. ಮೀನಿಗೂ ಹಕ್ಕಿಗೂ ದಡದ ಮರಗಳಿಗೂ ಬೇಕು. ಆದರೆ ನದಿಯಲ್ಲಿ ಎಷ್ಟು ನೀರಿದೆ ಎಂಬುದನ್ನು ತಿಳಿಯದೆ ಹಂಚಲು ಹೊರಟರೆ ಆಗುವ ಅನರ್ಥ ಸಣ್ಣದಲ್ಲ. ಈ ಸತ್ಯವನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಅಮೆರಿಕದ ಜನರ ಮುಂದೆ ನಿರ್ಭಯವಾಗಿ ಇಟ್ಟವನು ಜಾನ್ ವೆಸ್ಲಿ ಪೊವೆಲ್.

ಪೊವೆಲ್ 1834ರ ಮಾರ್ಚ್ 24ರಂದು ನ್ಯೂಯಾರ್ಕ್ ರಾಜ್ಯದ ಮೌಂಟ್ ಮಾರಿಸ್ ಎಂಬ ಊರಿನಲ್ಲಿ ಹುಟ್ಟಿದನು. ಅವನ ತಂದೆ ಕ್ರೈಸ್ತ ಧರ್ಮೋಪದೇಶಕ. ಗುಲಾಮಗಿರಿಯ ಕಡು ವಿರೋಧಿ. ಆ ಕಾರಣಕ್ಕಾಗಿ ಶಾಲೆಯ ಹುಡುಗರು ಬಾಲಕನ ಮೇಲೆ ಕಲ್ಲೆಸೆಯುತ್ತಿದ್ದರು. ಆದುದರಿಂದ ಅವನು ನೆರೆಯವನಾದ ಒಬ್ಬ ಪ್ರಕೃತಿಪ್ರೇಮಿಯ ಬಳಿ ಪಾಠ ಕಲಿಯಬೇಕಾಯಿತು. ಗಿಡ, ಕಲ್ಲು, ಚಿಪ್ಪುಗಳನ್ನು ನೋಡಿ ತಿಳಿಯುವ ಆಸಕ್ತಿ ಅಲ್ಲಿ ಮೊಳೆಯಿತು. ಮುಂದೆ ಕುಟುಂಬವು ವಿಸ್ಕಾನ್ಸಿನ್‌ಗೆ ವಲಸೆ ಹೋದಾಗ, ಇನ್ನೂ ಹುಡುಗನಾಗಿದ್ದ ಅವನ ಹೆಗಲಿಗೆ ಬೇಸಾಯದ ಹೊಣೆ ಬಿದ್ದಿತು. ಒಕ್ಕಲಿಗನ ಕಷ್ಟಸುಖಗಳು ಅವನಿಗೆ ಆಗಲೇ ಅರಿವಾದವು.

ಗುಲಾಮಗಿರಿಯ ಪ್ರಶ್ನೆಯಿಂದ ಅಂತರ್ಯುದ್ಧ ಹೊತ್ತಿಕೊಂಡಾಗ ಪೊವೆಲ್ ಸೈನ್ಯ ಸೇರಿದನು. 1862ರ ಏಪ್ರಿಲ್‌ನಲ್ಲಿ ಶೈಲೊ ಕದನದಲ್ಲಿ ಗುಂಡು ತಗುಲಿ ಅವನ ಬಲಗೈಯನ್ನು ಕತ್ತರಿಸಬೇಕಾಯಿತು. ಆದರೂ ಅವನು ಎದೆಗುಂದಲಿಲ್ಲ. ಯುದ್ಧ ಮುಗಿದ ಮೇಲೆ ಭೂವಿಜ್ಞಾನದ ಪ್ರಾಧ್ಯಾಪಕನಾದನು.

ಆ ಕಾಲದಲ್ಲಿ ಕೊಲರಾಡೊ ನದಿಯ ಆಳವಾದ ಕಣಿವೆಗಳು ಭೂಪಟದಲ್ಲಿ ಬರಿಯ ಬಿಳಿಯ ಜಾಗವಾಗಿದ್ದವು. 1869ರ ಮೇ 24ರಂದು ಪೊವೆಲ್ ಒಂಬತ್ತು ಮಂದಿ ಸಂಗಡಿಗರೊಡನೆ ನಾಲ್ಕು ದೋಣಿಗಳಲ್ಲಿ ಹೊರಟನು. ಒಂದು ದೋಣಿ ಬಂಡೆಗೆ ಬಡಿದು ಒಡೆಯಿತು. ಆಹಾರ ನೀರುಪಾಲಾಯಿತು. ಒಮ್ಮೆ ಕಡಿದಾದ ಬಂಡೆಯನ್ನು ಏರುವಾಗ ಒಂಟಿಗೈಯ ಪೊವೆಲ್ ಮೇಲೆ ಹೋಗಲಾರದೆ ಕೆಳಗೆ ಇಳಿಯಲಾರದೆ ಸಿಕ್ಕಿಕೊಂಡನು. ಮೇಲಿದ್ದ ಸಂಗಡಿಗನು ತನ್ನ ಉಡುಪನ್ನೇ ಕಳಚಿ ಹಗ್ಗದಂತೆ ಇಳಿಬಿಟ್ಟು ಅವನನ್ನು ಬದುಕಿಸಿದನು. ನಾಲ್ವರು ನಡುವೆಯೇ ತಂಡವನ್ನು ತೊರೆದರು. ಮೂರು ತಿಂಗಳಿಗೂ ಮೀರಿದ ಪ್ರಯಾಣದ ಕೊನೆಯಲ್ಲಿ, ಆಗಸ್ಟ್ 30ರಂದು, ಆರು ಜನ ಮಾತ್ರ ಕಣಿವೆಯಿಂದ ಹೊರಬಂದರು. ಆ ಸಾಹಸದಿಂದ ಪೊವೆಲ್‌ನ ಕೀರ್ತಿ ದೇಶದಲ್ಲೆಲ್ಲ ಹಬ್ಬಿತು.

ಆದರೆ ಅವನ ನಿಜವಾದ ಸಾಹಸ ಮುಂದೆ ಕಾದಿತ್ತು. ಪಶ್ಚಿಮದ ಬಯಲುಗಳಿಗೆ ರೈತರು ಸಾವಿರಗಟ್ಟಲೆ ಬಂದು ನೆಲಸುತ್ತಿದ್ದರು. ನೇಗಿಲು ಹೋದಲ್ಲಿಗೆ ಮಳೆಯೂ ಹಿಂಬಾಲಿಸಿ ಬರುತ್ತದೆ ಎಂಬ ಭ್ರಮೆಯನ್ನು ಹಲವರು ಹಬ್ಬಿಸಿದ್ದರು. ಪೊವೆಲ್ 1878ರಲ್ಲಿ ಒಣನಾಡಿನ ಭೂಮಿಯನ್ನು ಕುರಿತು ಒಂದು ವರದಿಯನ್ನು ಸಲ್ಲಿಸಿದನು. ವರ್ಷಕ್ಕೆ 20 ಅಂಗುಲಕ್ಕಿಂತ ಕಡಿಮೆ ಮಳೆ ಬೀಳುವ ಕಡೆ ನೀರಾವರಿಯಿಲ್ಲದೆ ಬೇಸಾಯವನ್ನು ನಂಬಲಾಗದು. ನದಿಗಳ ನೀರನ್ನೆಲ್ಲ ಬಳಸಿದರೂ ಆ ನೆಲದ ಒಂದು ಸಣ್ಣ ಭಾಗ ಮಾತ್ರ ನೆನೆದೀತು ಎಂಬುದು ಅದರ ಸಾರ. ನೀರಾವರಿಯ ಹಿಡುವಳಿಗೆ 80 ಎಕರೆ ಸಾಕು, ಹುಲ್ಲುಗಾವಲಿಗೆ 2560 ಎಕರೆ ಬೇಕು ಎಂದು ಅವನು ಸೂಚಿಸಿದನು. ನೀರಿನ ಹಕ್ಕು ನೆಲದಿಂದ ಬೇರೆಯಾಗಕೂಡದು. ಒಂದೊಂದು ನದಿಯ ಜಲಾನಯನ ಪ್ರದೇಶದ ಜನರೇ ಒಟ್ಟುಗೂಡಿ ತಮ್ಮ ನೀರು, ಕಾಡು, ಗೋಮಾಳಗಳನ್ನು ಕಾಯಬೇಕು ಎಂಬುದು ಅವನ ಆಶಯವಾಗಿತ್ತು. ಮಲೆಯ ಕಾಡಿಗೂ ಕೆಳಗಿನ ಕಾಲುವೆಗೂ ಇರುವ ಸಂಬಂಧವನ್ನು ಅವನು ಕಂಡಿದ್ದನು.

1881ರಲ್ಲಿ ಪೊವೆಲ್ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ ನಿರ್ದೇಶಕನಾದನು. 1888ರಲ್ಲಿ ನದಿಗಳ ಹರಿವನ್ನು ಅಳೆದು ನೀರಾವರಿಗೆ ತಕ್ಕ ನೆಲವನ್ನು ಗುರುತಿಸುವ ಕಾರ್ಯ ಅವನ ಪಾಲಿಗೆ ಬಂದಿತು. ಅಳತೆ ಮುಗಿಯುವವರೆಗೆ ಭೂಮಿಯ ಹಂಚಿಕೆ ನಿಂತುಹೋದುದರಿಂದ ಪಶ್ಚಿಮದ ರಾಜಕಾರಣಿಗಳು ಸಿಟ್ಟಿಗೆದ್ದರು. 1890ರಲ್ಲಿ ಕಾಂಗ್ರೆಸ್ಸು ಆ ಕಾರ್ಯಕ್ಕೆ ಹಣವನ್ನು ನಿಲ್ಲಿಸಿತು. 1893ರಲ್ಲಿ ಲಾಸ್ ಏಂಜಲೀಸ್ ನಗರದ ನೀರಾವರಿ ಸಮ್ಮೇಳನದಲ್ಲಿ ಇರುವ ನೀರು ಇರುವ ನೆಲಕ್ಕೆ ಸಾಲದು, ಮುಂದೆ ಜಗಳ ತಪ್ಪದು ಎಂದು ಅವನು ಎಚ್ಚರಿಸಿದಾಗ ಸಭಿಕರು ಅವನನ್ನು ಕೂಗಿ ಹೀಗಳೆದರು. ಮರುವರ್ಷ ಅವನು ಪದವಿಯನ್ನು ಬಿಟ್ಟನು. 1902ರ ಸೆಪ್ಟೆಂಬರ್ 23ರಂದು ತೀರಿಕೊಂಡನು.

ಕಾಲವು ಅವನ ಮಾತಿಗೆ ಸಾಕ್ಷಿ ನುಡಿಯಿತು. 1922ರಲ್ಲಿ ಏಳು ರಾಜ್ಯಗಳು ಕೊಲರಾಡೊ ನದಿಯನ್ನು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡವು. ಮೇಲಣ ಭಾಗಕ್ಕೆ 75 ಲಕ್ಷ, ಕೆಳಗಣ ಭಾಗಕ್ಕೆ 75 ಲಕ್ಷ ಎಕರೆ-ಅಡಿ ನೀರೆಂದು ಗೊತ್ತಾಯಿತು. ಒಂದು ಎಕರೆ ನೆಲದ ಮೇಲೆ ಒಂದು ಅಡಿ ನಿಲ್ಲುವಷ್ಟು ನೀರೇ ಎಕರೆ-ಅಡಿ. 1944ರಲ್ಲಿ ಮೆಕ್ಸಿಕೊ ದೇಶಕ್ಕೆ ಇನ್ನೂ 15 ಲಕ್ಷ ಸೇರಿತು. ಆದರೆ ಈ ಲೆಕ್ಕ ಮಳೆ ಹೆಚ್ಚಾಗಿದ್ದ ವರ್ಷಗಳದು. ನದಿಯಲ್ಲಿ ಸಾಮಾನ್ಯವಾಗಿ ಅಷ್ಟು ನೀರಿರಲಿಲ್ಲ. ಹೆಚ್ಚಿನ ಪಾಲು ಹೊಲಗಳಿಗೆ ಹೋಯಿತು. ನದಿಗೆಂದು ಯಾರೂ ಪಾಲಿಡಲಿಲ್ಲ. ಕ್ರಮೇಣ ಹರಿವು ಕಡಲನ್ನು ಮುಟ್ಟುವುದೇ ಅಪರೂಪವಾಗಿ, ಮೆಕ್ಸಿಕೊದಲ್ಲಿದ್ದ ಅದರ ಹಸುರು ಮುಖಜಭೂಮಿ ಬಹುಪಾಲು ಒಣಗಿತು. ಮೀನುಗಾರರ ಬಾಳು ಬರಿದಾಯಿತು.

ಪೊವೆಲ್ ಕೂಡ ನದಿಯ ನೀರನ್ನು ಬೇಸಾಯಕ್ಕೆ ಬಳಸಬೇಕೆಂದೇ ಬಯಸಿದವನು. ಮುಖಜಭೂಮಿಯ ಜೀವಿಗಳಿಗೆ ನೀರಿನ ಪಾಲು ಬೇಕೆಂಬ ವಿಚಾರ ಅವನ ಕಾಲದಲ್ಲಿ ಇನ್ನೂ ಬೆಳೆದಿರಲಿಲ್ಲ. ಆದರೆ ಅಳೆದು ಹಂಚಿರಿ, ಮಿತಿಯನ್ನು ಒಪ್ಪಿರಿ ಎಂಬ ಅವನ ತತ್ತ್ವದಲ್ಲಿ ಆ ವಿಚಾರದ ಬೀಜ ಅಡಗಿತ್ತು. 2014ರ ವಸಂತದಲ್ಲಿ ಎರಡೂ ದೇಶಗಳು ಒಪ್ಪಿ, ನದಿಯ ಹಳೆಯ ಪಾತ್ರಕ್ಕೆ ಸುಮಾರು ಒಂದು ಲಕ್ಷ ಎಕರೆ-ಅಡಿ ನೀರನ್ನು ಬಿಟ್ಟವು. ಒಣಗಿದ ಮರಳಿನ ಮೇಲೆ ನೀರು ಹರಿಯಿತು. ಅದು ಕಡಲನ್ನು ಸೇರಿತು. ದಡದಲ್ಲಿ ಸಸಿಗಳು ಚಿಗುರಿದವು. ಹೊಲಕ್ಕೆ ನೀರುಣಿಸುವ ನದಿ ತಾನೂ ಬದುಕಬೇಕು ಎಂಬ ವಿವೇಕ ಕೊನೆಗೆ ಮೂಡಿತು.

ಕೊಲರಾಡೊ ನದಿಯ ಒಂದು ದೊಡ್ಡ ಜಲಾಶಯಕ್ಕೆ ಇಂದು ಪೊವೆಲ್‌ನ ಹೆಸರಿದೆ. ನದಿಯಲ್ಲಿ ನೀರು ಇಳಿದ ವರ್ಷಗಳಲ್ಲಿ ಅದರ ಬಂಡೆಗಳ ಮೇಲೆ ಉಳಿಯುವ ಬಿಳಿಯ ಗೆರೆ, ಅವನು ನೀಡಿದ ಎಚ್ಚರಿಕೆಯನ್ನು ನೆನಪಿಗೆ ತರುತ್ತದೆ. ಜನರಿಗೆ ಹಿತವಾಗದಿದ್ದರೂ ಕಂಡ ಸತ್ಯವನ್ನು ಹೇಳುವುದು, ನದಿಯ ಸುಳಿಗಳನ್ನು ದಾಟುವುದಕ್ಕಿಂತಲೂ ಹಿರಿದಾದ ಧೈರ್ಯ.